ಸೂರಿನಡಿಯ ಒಕ್ಕಲು

ಮಂಗಳೂರು ಹೆಂಚಿನ ಹಳೆಯ ಮನೆಯ ಸೂರಿನಡಿ ಮುಸ್ಸಂಜೆಗೆ ನಿಂತು ಮೇಲೆ ನೋಡಿದರೆ, ಗೋಡೆಯ ತಲೆಗೂ ಪಕಾಸಿಗೂ ನಡುವಿನ ಸಂದಿನಲ್ಲಿ ಮೊದಲು ಸಣ್ಣ ಚಿಲಿಪಿಲಿ ಕೇಳುತ್ತದೆ. ಆಮೇಲೆ ಹೆಬ್ಬೆರಳ ಗಾತ್ರದ ಕಪ್ಪು ಮೈಯೊಂದು ಅಂಚಿಗೆ ತೆವಳಿ ಬಂದು, ಅರೆಗಳಿಗೆ ಜೋತು, ಹಿಡಿತ ಬಿಟ್ಟು, ನೆಲ ಮುಟ್ಟುವ ಮೊದಲೇ ರೆಕ್ಕೆ ಬಿಚ್ಚಿ ಅಂಗಳದ ಮಬ್ಬಿನಲ್ಲಿ ಕರಗಿಹೋಗುತ್ತದೆ. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಕೆಳಗೆ ಜಗಲಿಯ ಮೇಲೆ ಅಕ್ಕಿಕಾಳಿನಷ್ಟು ಕಪ್ಪು ಹಿಕ್ಕೆ. ಇಲಿಯದಿರಬೇಕು ಎಂದುಕೊಂಡು ಕಡ್ಡಿಯಿಂದ ಒತ್ತಿದರೆ ಪುಡಿಯಾಗಿ ಮಿರುಗುತ್ತದೆ. ಮಿರುಗುವುದು ಅರಗದೆ ಉಳಿದ ಹುಳುಗಳ ರೆಕ್ಕೆ, ಚಿಪ್ಪಿನ ಚೂರು. ಇಲಿಯ ಹಿಕ್ಕೆ ಹಾಗೆ ಪುಡಿಯಾಗುವುದಿಲ್ಲ. ಹಳಬರು ಕಣ್ಣಕಪ್ಪಡಿ ಎನ್ನುತ್ತಿದ್ದ ಈ ಚಿಕ್ಕ ಬಾವಲಿಗಳನ್ನು ಓಡಿಸುವುದು ಹೇಗೆ ಎಂದು ಮನೆಯವರು ಕೇಳುತ್ತಾರೆ. ಹೇಗೆ ಎಂಬುದಕ್ಕೆ ಬಡಗಿ ಉತ್ತರ ಹೇಳಬಲ್ಲ. ಓಡಿಸಬಹುದೇ, ಓಡಿಸುವುದಾದರೆ ಯಾವ ಹಕ್ಕಿನಿಂದ, ಓಡಿಸಿದ ಮೇಲೆ ನಮ್ಮ ಮೇಲೆ ಉಳಿಯುವ ಬಾಧ್ಯತೆ ಏನು ಎಂಬ ಪ್ರಶ್ನೆಗಳು ಬಡಗಿಯ ಕೈಗೆ ಬರುವಂಥವಲ್ಲ. ಅವು ಧರ್ಮದ ಪ್ರಶ್ನೆಗಳು.

ಇವಕ್ಕೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಒಂದು, ಮನೆ ನನ್ನದು, ಕಂದಾಯ ಕಟ್ಟುವವನು ನಾನು, ಮೆಣಸಿನಕಾಯಿ ಹೊಗೆ ಹಾಕಿಯೋ ನುಸಿಗುಳಿಗೆ ಎಸೆದೋ ಓಡಿಸುತ್ತೇನೆ ಎನ್ನುವುದು. ಇನ್ನೊಂದು, ಜಗತ್ತೆಲ್ಲ ಈಶ್ವರನ ಮನೆ, ಅದರಲ್ಲಿ ನಾನೂ ಒಬ್ಬ ಒಕ್ಕಲು, ಬಾವಲಿಯೂ ಒಂದು ಒಕ್ಕಲು, ಸಹಿಸಿಕೊಳ್ಳಬೇಕು ಎನ್ನುವುದು. ಮೊದಲನೆಯದು ಒರಟು, ಎರಡನೆಯದು ಉದಾತ್ತ ಎಂದು ತೋರಿದರೂ ಎರಡಕ್ಕೂ ಒಂದು ಸಾಮಾನ್ಯ ದೋಷವಿದೆ. ಎರಡೂ ಬಾವಲಿಯ ಕಡೆಗೆ ತಿರುಗಿಯೂ ನೋಡುವುದಿಲ್ಲ. ನೋಡದೆಯೇ ತೀರ್ಪು ಕೊಡುತ್ತವೆ. ನಮ್ಮ ಶಾಸ್ತ್ರಗಳಾದರೋ ಗೃಹಸ್ಥನನ್ನು ಇಷ್ಟು ಸುಲಭಕ್ಕೆ ಬಿಟ್ಟಿಲ್ಲ. ಅವನಿಗೆ ದಿನವೂ ವಿಧಿಸಿದ ಐದು ಯಜ್ಞಗಳಲ್ಲಿ ಮನುಷ್ಯಯಜ್ಞ ಬೇರೆ, ಭೂತಯಜ್ಞ ಬೇರೆ. ಮನುಷ್ಯಯಜ್ಞದಲ್ಲಿ ಅತಿಥಿಯನ್ನು ಒಳಗೆ ಕರೆದು ಎಲೆ ಹಾಕಿ ಬಡಿಸಬೇಕು. ಭೂತಯಜ್ಞದಲ್ಲಿ ನಾಯಿ, ಕಾಗೆ, ಕ್ರಿಮಿಗಳ ಪಾಲನ್ನು ಹೊರಗೆ ನೆಲದ ಮೇಲೆ ಇಡಬೇಕು. ಎರಡೂ ತಪ್ಪಿಸಬಾರದ ಋಣಗಳೇ, ಆದರೆ ತೀರಿಸುವ ಜಾಗ ಬೇರೆ. ಎಲ್ಲ ಜೀವಕ್ಕೂ ಪಾಲಿದೆ ಎಂದರೆ ಎಲ್ಲ ಜೀವಕ್ಕೂ ನಡುಮನೆಯಲ್ಲೇ ಪಾಲಿದೆ ಎಂದಾಗುವುದಿಲ್ಲ. ಗುಜರಾತಿನ ಊರುಗಳಲ್ಲಿ ಪಾರಿವಾಳ, ಗುಬ್ಬಿಗಳಿಗೆಂದು ಕಂಬದ ಮೇಲೆ ಕಟ್ಟಿದ ಚಬೂತರೆಗಳ ಹಿಂದೆ ಇರುವುದೂ ಇದೇ ವಿವೇಕ. ಬಾವಲಿಗೆಂದು ಹೊರಗೆ ಒಂದು ಮರದ ಗೂಡು ಕಟ್ಟಿ, ಒಳಗಿನ ಸಂದನ್ನು ಮುಚ್ಚುವುದು ಈ ಪರಂಪರೆಗೆ ಒಗ್ಗುವ ಕೆಲಸ ಎಂದು ನನ್ನ ವಾದ. ಆದರೆ ಒಗ್ಗುವುದು ಒಂದು ಷರತ್ತಿನ ಮೇಲೆ ಮಾತ್ರ. ಆ ಷರತ್ತು ಯಾವುದು ಎಂಬುದೇ ಇಲ್ಲಿ ಮುಖ್ಯ.

ಹಿಂಸೆಯನ್ನು ಅತ್ಯಂತ ಸೂಕ್ಷ್ಮವಾಗಿ ಅಳೆದ ಜೈನರು ಗೃಹಸ್ಥನ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಒಲೆ ಹಚ್ಚುವುದು, ಕಸ ಗುಡಿಸುವುದು, ಮನೆ ಕಟ್ಟುವುದು ಮುಂತಾದ ಗೃಹಕೃತ್ಯಗಳಲ್ಲಿ ಆಗುವುದು ಆರಂಭೀ ಹಿಂಸೆ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ, ಎದುರಾದ ಅಪಾಯವನ್ನು ತಡೆಯುವಾಗ ಆಗುವುದು ವಿರೋಧೀ. ಇವನ್ನು ಗೃಹಸ್ಥ ಆದಷ್ಟು ಕಡಿಮೆ ಮಾಡಬೇಕು, ಪೂರ್ತಿ ಬಿಡಲಾರ. ತಿಳಿದೂ ತಿಳಿದೂ ಮಾಡುವ ಸಂಕಲ್ಪೀ ಹಿಂಸೆಯನ್ನು ಮಾತ್ರ ಅವನು ಬಿಡಲೇಬೇಕು. ಸೂರಿನ ಸಂದಿಗೆ ಗಾರೆ ಮೆತ್ತುವುದು ಮೇಲುನೋಟಕ್ಕೆ ಗೃಹಕೃತ್ಯ, ಆರಂಭೀ ವರ್ಗಕ್ಕೆ ಸೇರಿದ್ದು. ಆದರೆ ಒಳಗೆ ಹಾರಲು ಬಾರದ ಮರಿಗಳಿವೆ ಎಂದು ಗೊತ್ತಾದ ಕ್ಷಣದಿಂದ ಅದೇ ಗಾರೆ, ಅದೇ ಕರಣೆ ಸಂಕಲ್ಪೀ ಹಿಂಸೆಯ ಸಾಧನವಾಗುತ್ತವೆ. ಬಾವಲಿ ಸಸ್ತನಿ, ಮೊಟ್ಟೆ ಇಡುವುದಿಲ್ಲ, ಹೆತ್ತು ಹಾಲೂಡಿಸುತ್ತದೆ. ಬಹುಪಾಲು ಜಾತಿಗಳಲ್ಲಿ ಒಂದು ಬಸಿರಿಗೆ ಒಂದೇ ಮರಿ. ತಾಯಿ ರಾತ್ರಿ ಹೊರಗೆ ಹೋದಾಗ ಮರಿ ಜಂತಿಯಲ್ಲೇ ತೂಗುತ್ತಿರುತ್ತದೆ. ಆ ಹೊತ್ತಿನಲ್ಲಿ ಸಂದು ಮುಚ್ಚಿದರೆ ಒಳಗೆ ಮರಿ ಹಸಿದು ಸಾಯುತ್ತದೆ, ಹೊರಗೆ ತಾಯಿ ಗೋಡೆಗೆ ಬಡಿದುಕೊಳ್ಳುತ್ತದೆ. ಮಹಾಭಾರತ ಕೇಳಿದವರಿಗೆ ಈ ಸನ್ನಿವೇಶ ಹೊಸದಲ್ಲ. ಇಂದ್ರಪ್ರಸ್ಥದ ವೈಭವಕ್ಕೂ ಮೊದಲು ಖಾಂಡವವನ ಉರಿಯಿತು. ಉರಿಯ ನಡುವೆ ಜರಿತೆ ಎಂಬ ತಾಯಿಹಕ್ಕಿ, ರೆಕ್ಕೆ ಬಲಿಯದ ನಾಲ್ಕು ಮರಿಗಳನ್ನು ಎತ್ತಿಕೊಂಡು ಹಾರಲಾರದೆ, ಬಿಟ್ಟು ಹಾರಲೂ ಆರದೆ ತಳಮಳಿಸುತ್ತದೆ. ವ್ಯಾಸರು ಕೃಷ್ಣಾರ್ಜುನರ ಪರಾಕ್ರಮದ ನಡುವೆ ಕಥೆ ನಿಲ್ಲಿಸಿ ಆ ಹಕ್ಕಿಯ ಸಂಕಟಕ್ಕೆ ಅಧ್ಯಾಯಗಳನ್ನೇ ಕೊಟ್ಟಿದ್ದಾರೆ. ಮನೆ ಕಟ್ಟುವವನಿಗೆ ಅಲ್ಲೊಂದು ಮಾತಿದೆ: ನೆಲ ನಿನ್ನದಾಗಬಹುದು, ಆದರೆ ಹಾರಲಾರದವರು ಅಲ್ಲಿ ಇನ್ನೂ ಇದ್ದಾರೆಯೇ ಎಂದು ಮೊದಲು ನೋಡು.

ನೋಡಿದ ಮೇಲೆ ಮಾಡುವ ಕೆಲಸ ಕಷ್ಟದ್ದೇನಲ್ಲ. ಮರಿಗಳು ಹಾರಲು ಕಲಿತ ಮೇಲೆ, ಬಾವಲಿಗಳು ಹೊರಬೀಳುವ ಸಂದಿನ ಮೇಲಂಚಿಗೆ ಸಣ್ಣ ಕಣ್ಣಿನ ಬಲೆಯನ್ನು ಮೊಳೆ ಹೊಡೆದು ಇಳಿಬಿಡುತ್ತಾರೆ. ಕೆಳಅಂಚು ತೆರೆದೇ ಇರುತ್ತದೆ. ಒಳಗಿನದು ಬಲೆಯ ಒಳಮೈಯಲ್ಲಿ ತೆವಳಿ ಕೆಳಗಿನಿಂದ ಜಾರಿ ಹೋಗುತ್ತದೆ, ಮರಳಿ ಬಂದಾಗ ತನಗೆ ರೂಢಿಯಿರುವ ಬಾಯಿಗೇ ಬಂದು ತಗಲುತ್ತದೆ, ದಾರಿ ಸಿಗುವುದಿಲ್ಲ. ಒಂದು ವಾರ ಹೀಗೆ ಬಿಟ್ಟು, ಒಳಗೆ ಯಾವುದೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಸಂದು ಮುಚ್ಚುತ್ತಾರೆ. ಇದಕ್ಕಿಂತ ಬಹಳ ಮೊದಲೇ, ಅದೇ ಗೋಡೆಯಲ್ಲೋ ಹತ್ತಿರದ ಕಂಬದಲ್ಲೋ, ಹನ್ನೆರಡು ಅಡಿಗಿಂತ ಮೇಲೆ ಗೂಡು ನಿಂತಿರಬೇಕು. ಅದು ಹಕ್ಕಿಗೂಡಿನ ಹಾಗೆ ದುಂಡು ತೂತಿನ ಡಬ್ಬಿಯಲ್ಲ. ಒಂದರ ಬೆನ್ನಿಗೊಂದು ನಿಲ್ಲಿಸಿದ ಹಲಗೆಗಳು, ನಡುವೆ ಎರಡು ಎರಡೂವರೆ ಸೆಂಟಿಮೀಟರಿನ ಸಂದು, ತಳ ತೆರೆದದ್ದು. ಹಲಗೆಯ ಒಳಮೈಗೆ ಉಗುರು ಕಚ್ಚುವಂತೆ ಗರಗಸದಿಂದ ಗೀರು ಹಾಕಿರಬೇಕು, ಒಳಗೆ ಬಣ್ಣ ಬಳಿಯಕೂಡದು. ಅಂದರೆ ಹಳೆಯ ಮನೆಯ ಸೂರಿನ ಸಂದನ್ನೇ ಬಿಡಿಸಿ ತೆಗೆದು ಹೊರಗೆ ನೇತುಹಾಕಿದಂತೆ. ಇಷ್ಟು ಮಾಡಿದರೆ ಲೆಕ್ಕ ಚುಕ್ತಾ ಆಯಿತಲ್ಲ ಎಂದು ಅನ್ನಿಸುತ್ತದೆ. ಧರ್ಮದ ತೊಡಕು ಶುರುವಾಗುವುದು ಇಲ್ಲಿಂದಲೇ, ಏಕೆಂದರೆ ಗೂಡು ಎಷ್ಟೋ ಸಲ ಖಾಲಿ ಉಳಿಯುತ್ತದೆ.

ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಪ್ರಸಂಗ ಇದಕ್ಕೆ ದೊಡ್ಡ ಸಾಕ್ಷಿ. ಗೇನ್ಸ್‌ವಿಲ್‌ನಲ್ಲಿರುವ ಆ ವಿಶ್ವವಿದ್ಯಾಲಯದ ಜಾನ್ಸನ್ ಹಾಲ್ ಎಂಬ ಕಟ್ಟಡ 1987ರಲ್ಲಿ ಬೆಂಕಿಗೆ ಸಿಕ್ಕಿ, ಅದರ ಅಟ್ಟದಲ್ಲಿದ್ದ ಬಾವಲಿಗಳು ನೆಲೆ ತಪ್ಪಿದವು. ಅವು ಓಟದ ಮೈದಾನ, ಟೆನಿಸ್ ಕ್ರೀಡಾಂಗಣಗಳ ಆಸನಗಳಡಿಯ ಕಾಂಕ್ರೀಟ್ ಸಂದುಗಳನ್ನು ಹಿಡಿದವು. ಪ್ರೇಕ್ಷಕರಿಗೆ ವಾಸನೆ ತಡೆಯಲಾಗಲಿಲ್ಲ. ವಿಶ್ವವಿದ್ಯಾಲಯ 1991ರಲ್ಲಿ ಲೇಕ್ ಆಲಿಸ್ ಎಂಬ ಕೆರೆಯ ಎದುರು ಕಂಬಗಳ ಮೇಲೆ ದೊಡ್ಡದೊಂದು ಬಾವಲಿ ಮನೆ ಕಟ್ಟಿಸಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಾವಿರಾರು ಬಾವಲಿಗಳನ್ನು ಹಿಡಿದು ಅಲ್ಲಿಗೆ ಸಾಗಿಸಿತು. ಕೆಲವೇ ದಿನಗಳಲ್ಲಿ ಅವೆಲ್ಲ ಬಿಟ್ಟು ಹೋದವು. ಹೊಚ್ಚಹೊಸ ಮನೆ ಮೂರು ವರ್ಷ ದಾಟಿದರೂ ಖಾಲಿ ನಿಂತಿತು. 1995ರ ವಸಂತದಲ್ಲಿ, ಯಾರೂ ತರದೆ, ಯಾರೂ ಅಟ್ಟದೆ, ಬಾವಲಿಗಳು ತಾವಾಗಿ ಬಂದು ನೆಲೆಸಿದವು. ಸಂಖ್ಯೆ ಲಕ್ಷಗಳಿಗೆ ಏರಿ, 2009ರಲ್ಲಿ ಅವುಗಳ ಭಾರಕ್ಕೇ ಗೂಡಿನ ಒಳಗಟ್ಟು ಕುಸಿದು, ಮತ್ತೆ ಕಟ್ಟಬೇಕಾಯಿತು. ಹಿಡಿದು ತಂದಾಗ ಒಲ್ಲದ ಮನೆಯನ್ನು ಅವೇ ಬಂದಾಗ ತುಂಬಿದವು. ಹಲಗೆ ಬದಲಾಗಿರಲಿಲ್ಲ, ಜಾಗ ಬದಲಾಗಿರಲಿಲ್ಲ. ನಡುವೆ ಮನುಷ್ಯರು ಮಾಡಿದ ಪುಣ್ಯದ ಕೆಲಸ ಒಂದೇ: ಸೋತ ಯೋಜನೆ ಎಂದು ಅದನ್ನು ಕೆಡವಲಿಲ್ಲ.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ನಮ್ಮ ನೆಲದಲ್ಲೇ ಕುಳಿತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ದಾನವನ್ನು ಎರಡು ಭಾಗ ಮಾಡಿ ನೋಡುತ್ತಾನೆ. ಕೊಡುವವನು ತನ್ನ ಸ್ವತ್ವವನ್ನು, ಅಂದರೆ ಒಡೆತನವನ್ನು, ಬಿಡುವುದು ಒಂದು ಭಾಗ, ಇನ್ನೊಬ್ಬನಿಗೆ ಸ್ವತ್ವ ಹುಟ್ಟುವುದು ಇನ್ನೊಂದು. ಈ ಎರಡನೆಯದು ಪಡೆಯುವವನು ಸ್ವೀಕರಿಸಿದಾಗಲೇ ಪೂರ್ತಿ. ಕೊಟ್ಟೆ ಎಂದು ಕೊಟ್ಟವನು ಹೇಳಿಕೊಂಡ ಮಾತ್ರಕ್ಕೆ ದಾನವಾಗದು. ಇದು ಆಸ್ತಿಯ ವ್ಯಾಜ್ಯಗಳಿಗೆಂದು ಬರೆದ ಮಾತೇ ಹೊರತು ಬಾವಲಿಗಳಿಗೆಂದು ಅಲ್ಲ, ನಿಜ. ಆದರೂ ಗೇನ್ಸ್‌ವಿಲ್‌ನ ಖಾಲಿ ಗೂಡಿನ ಮುಂದೆ ನಿಂತರೆ ಅದರ ಅರ್ಥ ಬಿಚ್ಚಿಕೊಳ್ಳುತ್ತದೆ. 1991ರಲ್ಲಿ ಆಗಿದ್ದು ತ್ಯಾಗ ಮಾತ್ರ, ಅಥವಾ ಸಾಗಾಟ. ದಾನ ಆದದ್ದು 1995ರಲ್ಲಿ, ತಾರೀಖು ನಿಶ್ಚಯಿಸಿದ್ದು ಪಡೆಯುವವರು. ನಾನು ಮೇಲೆ ಹೇಳಿದ ಷರತ್ತು ಇದೇ. ಗೂಡು ಕಟ್ಟುವುದು ನಮ್ಮ ಕೈಲಿದೆ, ಅದು ಮನೆಯಾಗುವುದು ಅವುಗಳ ಕೈಲಿದೆ. ಆದ್ದರಿಂದ ಸಂದು ಮುಚ್ಚುವ ಹಿಂದಿನ ದಿನ ಗೂಡು ನೇತುಹಾಕಿ, ಬೇಕಿದ್ದರೆ ಹೋಗಲಿ ಎನ್ನುವವನು ಏನನ್ನೂ ಕೊಟ್ಟಂತಲ್ಲ. ಮೊದಲು ತೆರೆ, ಆಮೇಲೆ ಮುಚ್ಚು. ತೆರೆಯುವುದಕ್ಕೂ ಮುಚ್ಚುವುದಕ್ಕೂ ನಡುವೆ ಅವಕ್ಕೆ ಸಮಯ ಕೊಡು. ಮುಚ್ಚಿದ ಮೇಲೂ ತೆರೆದದ್ದನ್ನು ಕೀಳಬೇಡ.

ಇಷ್ಟೆಲ್ಲ ಗೋಜು ಏಕೆ, ಒಳ್ಳೆಯ ಗೂಡು ಯಾವುದು ಎಂದು ತಜ್ಞರನ್ನು ಕೇಳಿ ಕಟ್ಟಿಬಿಟ್ಟರೆ ಸಾಲದೇ ಎನ್ನಬಹುದು. ತಜ್ಞರ ಅಳತೆ ಬೇಕು, ಆದರೆ ಅದಕ್ಕೊಂದು ಎಲ್ಲೆಯಿದೆ. ತತ್ತ್ವಜ್ಞಾನಿ ಥಾಮಸ್ ನೇಗಲ್ 1974ರಲ್ಲಿ ಬರೆದ ಒಂದು ಲೇಖನ, ಬಾವಲಿಯಾಗಿರುವುದು ಎಂದರೆ ಹೇಗಿರುತ್ತದೆ ಎಂದು ಕೇಳಿ ಪ್ರಸಿದ್ಧವಾಯಿತು. ಬಾವಲಿ ತನ್ನ ಕೂಗಿನ ಮರುದನಿಯಿಂದ ಜಗತ್ತನ್ನು ತಿಳಿಯುತ್ತದೆ. ಆ ಯಂತ್ರಾಂಗವನ್ನೆಲ್ಲ ನಾವು ವಿವರಿಸಬಹುದು, ಅದರ ಒಳಗಿನ ಅನುಭವ ಮಾತ್ರ ನಮಗೆ ಸಿಗದು. ನಾವು ತಲೆಕೆಳಗಾಗಿ ಜೋತರೂ ಗೊತ್ತಾಗುವುದು ಮನುಷ್ಯ ಜೋತರೆ ಹೇಗಿರುತ್ತದೆ ಎಂಬುದಷ್ಟೆ. ಜೈನ ಅನೇಕಾಂತವಾದಿಗಳು ಇದನ್ನು ಬೇರೆ ದಾರಿಯಿಂದ ಹೇಳಿದ್ದರು: ಪ್ರತಿ ನೋಟವೂ ಒಂದು ಕಡೆಯ ನೋಟ. ಈ ಅರಿವು ಬರಿಯ ತರ್ಕದ ವಿನಯವಾಗಿ ಉಳಿಯುವುದಿಲ್ಲ, ಬಿಸಿಲಿನಲ್ಲಿ ಪ್ರಾಣದ ಪ್ರಶ್ನೆಯಾಗುತ್ತದೆ. ಚಳಿಯ ದೇಶಗಳಲ್ಲಿ ಗೂಡಿಗೆ ಹೊರಗಿನಿಂದ ಗಾಢ ಬಣ್ಣ ಬಳಿದು ದಿನಕ್ಕೆ ಆರೇಳು ಗಂಟೆ ಬಿಸಿಲು ಬೀಳುವಲ್ಲಿ ನಿಲ್ಲಿಸಿ ಎನ್ನುತ್ತಾರೆ, ಅಲ್ಲಿ ಮರಿಗಳಿಗೆ ಕಾವು ಬೇಕು. ಅದೇ ಸಲಹೆ ಹಿಡಿದು ರಾಯಚೂರಿನಲ್ಲೋ ಕಲಬುರಗಿಯಲ್ಲೋ ಕಪ್ಪು ಗೂಡು ನಿಲ್ಲಿಸಿದರೆ ಏಪ್ರಿಲಿನ ಮಧ್ಯಾಹ್ನ ಅದು ಬಾಣಲೆಯಾದೀತು. ಒಳಗಿನ ತಾಪ 40 ಡಿಗ್ರಿ ದಾಟುತ್ತ ಹೋದಂತೆ ಬಾವಲಿಗಳಿಗೆ ಅಪಾಯ, ಗೂಡುಗಳಲ್ಲಿ ಬೆಂದು ಸತ್ತ ಉದಾಹರಣೆಗಳು ದಾಖಲಾಗಿವೆ. ನಮ್ಮಲ್ಲಿ ತಿಳಿಬಣ್ಣ, ಗಾಳಿಕಿಂಡಿ, ಮಧ್ಯಾಹ್ನದ ನೆರಳು ಬೇಕು. ಮರಿ ಹಾಕುವ ಕಾಲವೂ ಜಾತಿಯಿಂದ ಜಾತಿಗೆ ಬೇರೆ. ಹೊರದೇಶದ ಪಂಚಾಂಗ ಇಲ್ಲಿ ನಡೆಯದು. ಕರುಣೆಗೆ ಕಣ್ಣಿಲ್ಲದಿದ್ದರೆ ಅದೂ ಕೊಲ್ಲುತ್ತದೆ.

ಬಾವಲಿಯ ಪರ ಮಾತಾಡುವವರು ಸಾಮಾನ್ಯವಾಗಿ ಇಷ್ಟು ದೂರ ಬರುವುದಿಲ್ಲ, ಸೊಳ್ಳೆಯ ಲೆಕ್ಕ ಹೇಳಿ ಮುಗಿಸುತ್ತಾರೆ. ಗಂಟೆಗೆ ಸಾವಿರ ಸೊಳ್ಳೆ ತಿನ್ನುತ್ತದೆ, ಇರಲಿ ಬಿಡಿ ಎನ್ನುವ ವಾದ ಕೇಳಲು ಹಿತ. ಆದರೆ ಆ ಸಂಖ್ಯೆಯ ಮೂಲ 1960ರಲ್ಲಿ ಪ್ರಕಟವಾದ, ಕೋಣೆಯೊಳಗೆ ಸೊಳ್ಳೆ ಬಿಟ್ಟು ಮಾಡಿದ ಪ್ರಯೋಗ. ನಿಮಿಷದ ಲೆಕ್ಕವನ್ನು ಗಂಟೆಗೆ ಗುಣಿಸಿದ್ದು. ಬಯಲಿನಲ್ಲಿ ಬಾವಲಿ ಪತಂಗ, ಜೀರುಂಡೆ, ಸಿಕ್ಕಿದ್ದೆಲ್ಲ ಹಿಡಿಯುತ್ತದೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ವೈದ್ಯ ಚಾರ್ಲ್ಸ್ ಕ್ಯಾಂಪ್‌ಬೆಲ್ ಮಲೇರಿಯಾ ತೊಲಗಿಸಲೆಂದು 1911ರಲ್ಲೇ ಮಿಚೆಲ್ ಸರೋವರದ ಬಳಿ ಬಾವಲಿ ಗೋಪುರ ಕಟ್ಟಿದ. 1925ರಲ್ಲಿ ಅವನು ಬರೆದ ಪುಸ್ತಕದ ಹೆಸರೇ 'ಬ್ಯಾಟ್ಸ್, ಮಸ್ಕೀಟೋಸ್ ಅಂಡ್ ಡಾಲರ್ಸ್'. ಬಾವಲಿ, ಸೊಳ್ಳೆ, ಹಣ: ಉಪಯೋಗವಾದದ ಮೂರು ಮೆಟ್ಟಿಲು. ಆದರೆ ಅವನ ಗೋಪುರಕ್ಕೆ ಬಂದ ಜಾತಿಯ ಬಾವಲಿಗೆ ಮುಖ್ಯ ಆಹಾರ ಪತಂಗಗಳೇ ಹೊರತು ಸೊಳ್ಳೆಯಲ್ಲ. ಲಾಭದ ಮೇಲೆ ನಿಲ್ಲಿಸಿದ ದಯೆ ಲಾಭ ಕಳಚಿದ ದಿನ ಬೀಳುತ್ತದೆ. ನಮ್ಮ ಕಾನೂನೇ ಇದಕ್ಕೆ ನಿದರ್ಶನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಹಣ್ಣು ತಿನ್ನುವ ಬಾವಲಿಗಳನ್ನು ಇಲಿ, ಕಾಗೆಗಳ ಜತೆ ಪೀಡೆಗಳ ಪಟ್ಟಿಗೆ ಸೇರಿಸಿತ್ತು. ತೋಟದವನ ನಷ್ಟವಷ್ಟೇ ಕಣ್ಣಿಗೆ ಬಿದ್ದಿತ್ತು, ಅವು ಹೂವಿಂದ ಹೂವಿಗೆ ಒಯ್ಯುವ ಪರಾಗ, ಕಾಡಿಗೆ ಬೀರುವ ಬೀಜ ಲೆಕ್ಕಕ್ಕೆ ಬರಲಿಲ್ಲ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಪಟ್ಟಿ ಬದಲಾಯಿತು, ಬಾವಲಿ ಅದೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಆರೋಗ್ಯದ್ದು. ಮಕ್ಕಳು ಮಲಗುವ ಕೋಣೆಯ ಮೇಲೆ ಬಾವಲಿಯನ್ನು ಇಟ್ಟುಕೊಂಡು ಧರ್ಮ ಮಾತಾಡುವುದು ಯಾವ ನ್ಯಾಯ ಎಂದು ತಾಯಿಯೊಬ್ಬಳು ಕೇಳಿದರೆ ಅವಳ ಪಕ್ಷದಲ್ಲಿ ಸತ್ಯವಿದೆ. ಬಾವಲಿಯಿಂದ ರೇಬೀಸ್ ಬರಬಹುದು. ಅಮೆರಿಕದಲ್ಲಿ ಮನುಷ್ಯರಿಗೆ ತಗಲುವ ಅಪರೂಪದ ರೇಬೀಸಿಗೆ ಬಾವಲಿಯೇ ಮುಖ್ಯ ಕಾರಣ, ನಮ್ಮಲ್ಲಿ ನಾಯಿ. ಕೂಡಿಟ್ಟ ಹಿಕ್ಕೆಯಲ್ಲಿ ಶ್ವಾಸಕೋಶಕ್ಕೆ ತಗಲುವ ಶಿಲೀಂಧ್ರ ಬೆಳೆಯಬಹುದು, ಆದ್ದರಿಂದ ಒಣಗಿದ್ದನ್ನು ಗುಡಿಸದೆ ನೀರು ಚಿಮುಕಿಸಿ, ಮುಖಗವಸು ಹಾಕಿ ತೆಗೆಯಬೇಕು. ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಇದೆಲ್ಲ ಸರಿ. ಆದರೆ ಭಯಕ್ಕೂ ವಿವೇಕ ಬೇಕು. 2018ರಲ್ಲಿ ಕೋಳಿಕ್ಕೋಡಿನಲ್ಲಿ ನಿಫಾ ಬಂದಾಗ ಮೊದಲು ಸಂಶಯ ಬಿದ್ದದ್ದು ಬಾವಿಯಲ್ಲಿದ್ದ ಹುಳ ತಿನ್ನುವ ಬಾವಲಿಗಳ ಮೇಲೆ. ಅವುಗಳಲ್ಲಿ ವೈರಾಣು ಸಿಗಲಿಲ್ಲ. ಸಿಕ್ಕಿದ್ದು ಆಮೇಲೆ, ಮರಗಳಲ್ಲಿ ತೂಗುವ ದೊಡ್ಡ ಹಣ್ಣುಬಾವಲಿಗಳಲ್ಲಿ. ಬಾವಲಿ ಎಂಬ ಒಂದೇ ಹೆಸರಿನಡಿ ಎಲ್ಲವನ್ನೂ ಕಟ್ಟಿಹಾಕಿ ಸೂರಿಗೆ ಹೊಗೆ ಹಾಕುವುದು, ತಪ್ಪು ಮಾಡಿದವನ ಓರಗೆಯವನಿಗೆ ಶಿಕ್ಷೆ ಕೊಟ್ಟಂತೆ. ಹೊಗೆಗೆ ದಿಕ್ಕೆಟ್ಟ ಬಾವಲಿ ಮನೆಯೊಳಗೇ ನುಗ್ಗುವುದರಿಂದ ಮಗುವಿನ ಅಪಾಯ ಹೆಚ್ಚುತ್ತದೆ. ತಾಯಿಯ ಹೊಣೆಯೂ ಬಾವಲಿಯ ಜೀವವೂ ಇಲ್ಲಿ ಎದುರುಬದುರು ನಿಂತಿಲ್ಲ. ತಾಳ್ಮೆಯಿಂದ ಹೊರಗೆ ಕಳಿಸುವ ದಾರಿಯೇ ಇಬ್ಬರಿಗೂ ಕ್ಷೇಮ. ಶಿಬಿಯ ಹಾಗೆ ತೊಡೆಯ ಮಾಂಸ ಕೊಯ್ದು ಕೊಡು ಎಂದು ಗೃಹಸ್ಥನನ್ನು ಯಾರೂ ಕೇಳುತ್ತಿಲ್ಲ, ಒಂದು ಹಲಗೆ ಮತ್ತು ಕೆಲವು ತಿಂಗಳು ಕೇಳುತ್ತಿದ್ದಾರೆ.

ಕೊನೆಯದು ಅತ್ಯಂತ ಚುಚ್ಚುವ ಆಕ್ಷೇಪ. ಮನುಷ್ಯರನ್ನೇ ನೆಟ್ಟಗೆ ನೆಲೆಗೊಳಿಸದ ನಾಡಿನಲ್ಲಿ ಬಾವಲಿಗೆ ಪುನರ್ವಸತಿಯೇ? ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟ ಎಷ್ಟೋ ಕುಟುಂಬಗಳು ಅರ್ಧ ಶತಮಾನ ಕಳೆದರೂ ಹಕ್ಕುಪತ್ರಕ್ಕೆ ಅಲೆದಿವೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ ನವನಗರ ಎದ್ದಿತು. ಈ ಮಾತನ್ನು ನಾನು ಆಕ್ಷೇಪ ಎಂದು ತಳ್ಳಿಹಾಕಲಾರೆ, ಸಾಕ್ಷಿಯಾಗಿ ತೆಗೆದುಕೊಳ್ಳುತ್ತೇನೆ. ಎರಡೂ ಕಡೆ ಕೆಲಸ ಮಾಡುವುದು ಒಂದೇ ಮನಸ್ಸು: ನಿವೇಶನ ಅಳೆದು ಕೊಟ್ಟ ಮೇಲೆ ಮನೆ ಕೊಟ್ಟಂತಾಯಿತು, ಕಡತ ಮುಚ್ಚಬಹುದು ಎಂಬ ಮನಸ್ಸು. ಕೊಡುವವನ ಅಳತೆಯಲ್ಲಿ ಕಟ್ಟಿದ್ದು ಬಾಳುವವನ ಅಳತೆಗೆ ಹೊಂದಿತೇ ಎಂದು ಮತ್ತೆ ಹೋಗಿ ನೋಡದ ಮನಸ್ಸು. ಬಾವಲಿಯ ವಿಷಯದಲ್ಲಿ ಈ ಅಭ್ಯಾಸ ಬಿಟ್ಟವನು ಮನುಷ್ಯರ ವಿಷಯದಲ್ಲಿ ಅದನ್ನು ಹಿಡಿದುಕೊಳ್ಳುತ್ತಾನೆ ಎನ್ನಲು ಕಾರಣವಿಲ್ಲ. ಮನುಷ್ಯ ಬಾಯಿಬಿಟ್ಟು ದೂರಬಲ್ಲ, ಅರ್ಜಿ ಬರೆಯಬಲ್ಲ. ಬಾವಲಿಗೆ ಇರುವ ಒಂದೇ ಉತ್ತರ ಖಾಲಿ ಗೂಡು. ಅದನ್ನು ಓದಲು ಕಲಿಯುವುದು ಸಣ್ಣ ಶಿಕ್ಷಣವಲ್ಲ.

ಓದಿದ ಮೇಲೂ ಗೂಡು ಖಾಲಿಯೇ ಉಳಿದರೆ? ಆಗಲೂ, ಮರಿಗಳು ಹಾರಿದ ಕಾಲ ನೋಡಿ, ಒಂದು ಋತುವಾದರೂ ಬಿಟ್ಟು, ಮನೆಯವನು ಸಂದು ಮುಚ್ಚಬಹುದು. ಅದು ಅವನ ಹಕ್ಕು. ನನ್ನ ಕೆಲಸ ಮುಗಿಯಿತು ಎನ್ನುವ ಹಕ್ಕು ಮಾತ್ರ ಅವನಿಗಿಲ್ಲ. ಬಾವಲಿಗಳು ಎಲ್ಲಿ ಹೋದವೋ, ಬೇರೆ ಸೂರು ಸಿಕ್ಕಿತೋ ಇಲ್ಲವೋ ಅವನು ಅರಿಯ. ಅರಿಯದಿರುವವರೆಗೆ ಗೂಡು ಗೋಡೆಯ ಮೇಲೆ ಇರಬೇಕು. ಕನ್ನಡದಲ್ಲಿ ಕಾಯುವುದು ಎಂಬ ಒಂದೇ ಮಾತಿಗೆ ಎದುರು ನೋಡುವುದು ಎಂದೂ ಅರ್ಥ, ರಕ್ಷಿಸುವುದು ಎಂದೂ ಅರ್ಥ. ದನ ಕಾಯುವವನೂ ಕಾಯುತ್ತಾನೆ, ಬಸ್ಸಿಗೆ ನಿಂತವನೂ ಕಾಯುತ್ತಾನೆ. ಇದು ಭಾಷೆಯ ಆಕಸ್ಮಿಕ ಎಂದು ಬಿಟ್ಟುಬಿಡಬಹುದು. ಆದರೆ ನಮಗಿಂತ ಬೇರೆ ಬಗೆಯ ಜೀವದ ಮುಂದೆ, ಅದರ ಒಳಗು ನಮಗೆ ತಿಳಿಯದು ಎಂದು ಒಪ್ಪಿಕೊಂಡ ಮೇಲೆ, ಅದನ್ನು ಕಾಯಲು ಅದಕ್ಕಾಗಿ ಕಾಯುವುದಲ್ಲದೆ ಬೇರೆ ದಾರಿ ಕಾಣುವುದಿಲ್ಲ. ಗೋಡೆಯ ಮೇಲಿನ ಆ ಗೂಡಿನ ಕೆಳಗೆ ಬೆಳಿಗ್ಗೆ ಎದ್ದು ನೋಡುವಾಗ ಹುಡುಕಬೇಕಾದದ್ದು ಇಷ್ಟೇ: ಕಡ್ಡಿಯಿಂದ ಒತ್ತಿದರೆ ಪುಡಿಯಾಗಿ ಮಿರುಗುವ, ಅಕ್ಕಿಕಾಳಿನಷ್ಟು ಒಂದು ಕಪ್ಪು ಹಿಕ್ಕೆ. ಒಮ್ಮೆ ಮನೆಯವರಿಗೆ ತಲೆನೋವಾಗಿದ್ದ ಅದು ಅಲ್ಲಿ ಬಿದ್ದ ದಿನ, ದಾನ ಸ್ವೀಕಾರವಾಯಿತು ಎಂದು ತಿಳಿಯಬಹುದು.